‘ಮಿಸ್ಟ್ ಆ್ಯಂಡ್ ಫ್ಯೂರಿ’ಯಲ್ಲಿ ಟ್ಯಾಮ್‌ಲಿನ್‌ಗೆ ಅನ್ಯಾಯ ಆಯ್ತಾ? ಸರಣಿ ಮುಂದುವರಿಸಲಾ, ಬಿಡಲಾ?

ಸಾರಾ ಜೆ. ಮಾಸ್ ಅವರ ಫ್ಯಾಂಟಸಿ ಸರಣಿಯ ಮೊದಲ ಪುಸ್ತಕದಲ್ಲಿ ಅಷ್ಟು ಇಷ್ಟವಾದ ಟ್ಯಾಮ್‌ಲಿನ್‌ನನ್ನು ಎರಡನೆಯದರಲ್ಲಿ ಲೇಖಕಿಯೇ ಕೆಟ್ಟವನನ್ನಾಗಿ ಮಾಡಿದ್ದಾರೆ, ಇದು ಓದುಗರಿಗೆ ಮಾಡಿದ ಮೋಸ ಅಲ್ವಾ, ಆದರೂ ಪುಸ್ತಕ ಕೆಳಗಿಡೋಕೆ ಆಗಲಿಲ್ಲ, ಈಗ ಮೂರನೆಯದು ಓದಲಾ, ಇಲ್ಲೇ ನಿಲ್ಲಿಸಲಾ ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನು ನನ್ನ ತಂಗಿಗೆ ವಾಯ್ಸ್ ನೋಟ್‌ನಲ್ಲಿ ಹೇಳಿದ್ದೆ. ಹೇಳಿ ಕಷ್ಟಕ್ಕೆ ಸಿಕ್ಕಿಕೊಂಡೆ. ಎರಡನೇ ಪುಸ್ತಕದ ಕೊನೆಯವರೆಗಿನ ಕಥೆ ಇಲ್ಲಿ ಬರುತ್ತೆ. ಓದದವರು ಇಲ್ಲಿಗೇ ಬಿಟ್ಟುಬಿಡಿ.

ತಂಗಿ ಅಂದರೆ ಚಿಕ್ಕಮ್ಮನ ಮಗಳು. ಅವಳಿರುವುದು ಶಿವಮೊಗ್ಗದಲ್ಲಿ, ನಾನು ಬೆಂಗಳೂರಿನಲ್ಲಿ. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ ಓದು ಅಂತ ಬೆನ್ನು ಬಿದ್ದವಳು ಅವಳೇ. 2015ರಲ್ಲಿ ಬಂದ ಪುಸ್ತಕ. ನನಗೆ ಸಿಕ್ಕಿದ್ದು ತುಂಬಾ ತಡವಾಗಿ, ಚರ್ಚ್ ಸ್ಟ್ರೀಟ್‌ನಲ್ಲಿ, ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ. ಕೈಗೆತ್ತಿಕೊಂಡವಳು ಬಿಡಲಿಲ್ಲ. 19ರ ಹುಡುಗಿ ಫೇರಾ, ಬೇಟೆಯಾಡಿ ಮನೆ ನಡೆಸುವವಳು. ಕಾಡಿನಲ್ಲಿ ಅವಳು ಕೊಂದ ತೋಳ ನಿಜವಾದ ತೋಳ ಅಲ್ಲ, ಫೇ ಅನ್ನುವ ಮಾಯಾಶಕ್ತಿಯ ಜನರಲ್ಲಿ ಒಬ್ಬ. ಆ ಸಾವಿಗೆ ಲೆಕ್ಕ ಕೇಳೋಕೆ ಮೃಗದ ರೂಪದಲ್ಲಿ ಬಂದ ಟ್ಯಾಮ್‌ಲಿನ್ ಅವಳನ್ನು ತಾನು ಆಳುವ ಫೇ ರಾಜ್ಯ ಸ್ಪ್ರಿಂಗ್ ಕೋರ್ಟ್‌ಗೆ ಕರೆದೊಯ್ಯುತ್ತಾನೆ. ಮುಖಕ್ಕೆ ಅಂಟಿಹೋದ ಮುಖವಾಡ, 49 ವರ್ಷದ ಶಾಪ, ಶಾಪದ ಹಿಂದೆ ಅಮರಾಂತಾ ಅನ್ನುವ ಕ್ರೂರ ರಾಣಿ. ಅವನನ್ನು ಬಿಡಿಸೋಕೆ ಫೇರಾ ಬೆಟ್ಟದ ಅಡಿಯಲ್ಲಿರುವ ಅಮರಾಂತಾಳ ಆಸ್ಥಾನಕ್ಕೆ ಹೋಗಿ ಮೂರು ಪರೀಕ್ಷೆ ಎದುರಿಸುತ್ತಾಳೆ, ಸಾಯುತ್ತಾಳೆ, ಫೇ ಆಗಿ ಎದ್ದು ಬರುತ್ತಾಳೆ. ಇಷ್ಟೆಲ್ಲ ಆದ ಮೇಲೆ ಅವರಿಬ್ಬರೂ ಚೆನ್ನಾಗಿರಬೇಕು ಅಂತ ಯಾರಿಗೆ ಅನಿಸಲ್ಲ ಹೇಳಿ. ನನಗೂ ಅನಿಸಿತ್ತು. ತುಂಬಾ ಜಾಸ್ತಿಯೇ ಅನಿಸಿತ್ತು.

ಆಮೇಲೆ 2016ರ ‘ಎ ಕೋರ್ಟ್ ಆಫ್ ಮಿಸ್ಟ್ ಆ್ಯಂಡ್ ಫ್ಯೂರಿ’. 600 ಪುಟ ದಾಟಿದ ದಪ್ಪ ಪುಸ್ತಕ.

ನಾನು ಮಾಡಿದ ತಪ್ಪು ಇಲ್ಲಿದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡಿರಬಹುದು ಅಂತ ನಿಮ್ಮ ಪ್ರಶ್ನೆ ಓದಿದಾಗ ಅನಿಸಿತು. “ಶುರುವಿನದ್ದು ಬರೀ ಅಳು, ರೀಸಾಂಡ್ ಬಂದ ಮೇಲೆ ಮಜಾ” ಅಂತ ನೀವೂ ಬರೆದಿದ್ದೀರಲ್ಲ. ರೀಸಾಂಡ್ ಅಂದರೆ ನೈಟ್ ಕೋರ್ಟ್ ಅನ್ನುವ ಇನ್ನೊಂದು ಫೇ ರಾಜ್ಯದ ಒಡೆಯ. ನನಗೆ ಅದನ್ನು ಹೇಳಿದ್ದು ಆಫೀಸಿನ ಗೆಳತಿ. ಮೊದಲ ಹತ್ತು-ಹನ್ನೆರಡು ಅಧ್ಯಾಯ ಹಾರಿಸಿಬಿಡು, ನೈಟ್ ಕೋರ್ಟ್‌ಗೆ ಹೋದ ಮೇಲೇ ಕಥೆ ಶುರು ಅಂದಳು. ರೀಲ್ಸ್ ತೆರೆದರೂ ಅದೇ ಮಾತು. ಎಲ್ಲಿ ನೋಡಿದರೂ ರೀಸಾಂಡ್, ರೆಕ್ಕೆ, ನಕ್ಷತ್ರ. ನಾನು ಪುಟ ತಿರುವಿದೆ. ಓದಿದೆ ಅಂತಲ್ಲ, ತಿರುವಿದೆ. ಟ್ಯಾಮ್‌ಲಿನ್ ಅವಳನ್ನು ಮನೆಯಲ್ಲಿ ಕೂಡಿ ಹಾಕುತ್ತಾನೆ, ರೀಸಾಂಡ್ ಕಡೆಯ ಮೊರ್ ಬಂದು ಬಿಡಿಸಿಕೊಂಡು ಹೋಗುತ್ತಾಳೆ ಅನ್ನುವಷ್ಟು ತಿಳಿದುಕೊಂಡು ನೈಟ್ ಕೋರ್ಟ್‌ನ ವೆಲಾರಿಸ್ ಊರಿಗೆ ಹಾರಿದೆ.

ಆತುರ ಒಂದೇ ಕಾರಣ ಅಲ್ಲ. ಆ ಅಧ್ಯಾಯಗಳಲ್ಲಿ ಟ್ಯಾಮ್‌ಲಿನ್ ಹಾಳಾಗುತ್ತಾನೆ ಅಂತ ಮೊದಲೇ ಗೊತ್ತಿತ್ತು. ನೋಡೋಕೆ ಮನಸ್ಸಿರಲಿಲ್ಲ. ಹಾಗಾಗಿ ಅವನು ಹಾಳಾಗುವುದನ್ನು ನೋಡದೇ, ಹಾಳಾಗಿದ್ದಾನೆ ಅನ್ನುವ ಸುದ್ದಿ ಮಾತ್ರ ಇಟ್ಟುಕೊಂಡು ಉಳಿದ 500 ಪುಟ ಓದಿದೆ. ಹಾಗೆ ಓದಿದರೆ ಪುಸ್ತಕ ಖಂಡಿತ ಮೋಸದ ಹಾಗೇ ಕಾಣುತ್ತೆ. ನೆನ್ನೆವರೆಗೂ ಒಳ್ಳೆಯವನಾಗಿದ್ದವನು ಇವತ್ತು ಯಾಕೆ ರಾಕ್ಷಸ ಅಂತ ಪ್ರತಿ ಪುಟದಲ್ಲೂ ಕೋಪ ಬರುತ್ತೆ. ಉತ್ತರ ಇರುವ ಪುಟಗಳನ್ನೇ ನಾನು ಬಿಟ್ಟಿದ್ದೆ. ಬಿಟ್ಟಿದ್ದೇನೆ ಅಂತ ಯಾರಿಗೂ ಹೇಳಿರಲಿಲ್ಲ. ಪೂರ್ತಿ ಓದಿದವಳ ಹಾಗೆ ವಾದಕ್ಕೆ ಇಳಿದೆ.

ವಾದ ಮಾಡಿದ್ದು ತಂಗಿ ಜೊತೆ. ಆ ಹೊತ್ತಿಗೆ ಅವಳ ನಿಶ್ಚಿತಾರ್ಥ ಮುರಿದು ಸ್ವಲ್ಪ ಕಾಲವಾಗಿತ್ತು. ಹುಡುಗ ಕೆಟ್ಟವನೇನಲ್ಲ ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಕುಡಿಯಲ್ಲ, ಜೋರು ಮಾತಾಡಲ್ಲ, ಒಳ್ಳೇ ಕೆಲಸ. ಅವಳೆಲ್ಲಿದ್ದಾಳೆ ಅಂತ ಫೋನಿನಲ್ಲಿ ಸದಾ ಕಾಣಬೇಕಿತ್ತು, ಅಷ್ಟೇ. ಸಂಜೆ ಆರರ ಮೇಲೆ ಹೊರಗಿದ್ದರೆ ಅವನಿಗೆ ಭಯ ಆಗುತ್ತಿತ್ತು, ಅಷ್ಟೇ. ಕೆಲಸ ಬಿಟ್ಟರೆ ನೆಮ್ಮದಿ ಅನ್ನುತ್ತಿದ್ದ. ಪ್ರತಿಯೊಂದನ್ನೂ ಕಾಳಜಿಯಿಂದಲೇ ಕೇಳುತ್ತಿದ್ದ. ಇವಳು ಬೇಡ ಅಂದಾಗ ನಮ್ಮ ದೊಡ್ಡಮ್ಮ “ಇಷ್ಟು ಪ್ರೀತಿ ಮಾಡೋನು ಎಲ್ಲಿ ಸಿಗ್ತಾನೆ” ಅಂದಿದ್ದರು.

ಅಂಥವಳಿಗೆ ನಾನು ರಾತ್ರಿ ಹನ್ನೊಂದಕ್ಕೆ ವಾಯ್ಸ್ ನೋಟ್ ಕಳಿಸಿದೆ. ಟ್ಯಾಮ್‌ಲಿನ್ ಮಾಡಿದ ತಪ್ಪಾದರೂ ಏನು? ಒಮ್ಮೆ ಕಣ್ಣೆದುರೇ ಸತ್ತವಳನ್ನು ಮತ್ತೆ ಕಳೆದುಕೊಳ್ಳಬಾರದು ಅಂತ ಮನೆಯಲ್ಲಿ ಇಟ್ಟ. ಕಾಳಜಿ ಅದು. ಅವಳು ಸ್ವಲ್ಪ ತಾಳ್ಮೆ ತಗೊಂಡಿದ್ದರೆ ಸರಿಹೋಗುತ್ತಿತ್ತು. ಲೇಖಕಿಗೆ ಹೊಸ ನಾಯಕ ಬೇಕಿತ್ತು, ಅದಕ್ಕೆ ಹಳಬನನ್ನು ಬಲಿ ಕೊಟ್ಟಳು. ಹೀಗೆ ಇನ್ನೂ ಏನೇನೋ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಮಾರನೇ ದಿನವೂ ಇಲ್ಲ. ಆಮೇಲೆ ಹಬ್ಬಕ್ಕೆ ಊರಿಗೆ ಹೋದಾಗ ಕಾಫಿ ತಂದುಕೊಟ್ಟಳು, ಚೆನ್ನಾಗಿದ್ದೀಯಾ ಅಂದಳು, ಪುಸ್ತಕದ ಸುದ್ದಿ ಎತ್ತಲಿಲ್ಲ. ಕೋಪ ಮಾಡಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ನನ್ನನ್ನು ದೊಡ್ಡಮ್ಮನ ಸಾಲಿಗೆ ಸೇರಿಸಿಬಿಟ್ಟಿದ್ದಳು.

ಅದೇ ಹಬ್ಬದ ರಜೆಯಲ್ಲಿ, ಅವಳ ಮನೆಯಲ್ಲೇ, ಅವಳ ಪ್ರತಿ ತೆಗೆದುಕೊಂಡು ನಾನು ಹಾರಿಸಿದ್ದ ಭಾಗ ಓದಿದೆ.

ಏನಿದೆ ಅಲ್ಲಿ? ಫೇರಾ ರಾತ್ರಿ ಕೆಟ್ಟ ಕನಸು ಕಂಡು ಎದ್ದು, ಬಚ್ಚಲಿಗೆ ಓಡಿ ವಾಂತಿ ಮಾಡುತ್ತಾಳೆ. ಪರೀಕ್ಷೆಯ ಹೆಸರಲ್ಲಿ ತಾನು ಕೊಂದ ಇಬ್ಬರು ನಿರಪರಾಧಿಗಳು ಕಣ್ಣ ಮುಂದೆ ಬರುತ್ತಾರೆ. ಪಕ್ಕದಲ್ಲಿ ಮಲಗಿರುವ ಟ್ಯಾಮ್‌ಲಿನ್ ಏಳುವುದಿಲ್ಲ. ಅವನಿಗೂ ಕನಸು ಬೀಳುತ್ತೆ. ಅವನು ಮೃಗವಾಗಿ ಕಾವಲು ಕೂತ ರಾತ್ರಿಗಳೂ ಇವೆ. ಇಬ್ಬರಿಗೂ ನಿದ್ದೆ ಇಲ್ಲ, ಇಬ್ಬರೂ ಅದರ ಬಗ್ಗೆ ಮಾತಾಡಲ್ಲ. ಚಿತ್ರ ಬರೆಯುತ್ತಿದ್ದವಳು ಕುಂಚ ಮುಟ್ಟುತ್ತಿಲ್ಲ. ತೂಕ ಇಳಿಯುತ್ತಾ ಹೋಗುತ್ತೆ. ಅಷ್ಟು ದೊಡ್ಡ ಮನೆಯಲ್ಲಿ ಅದನ್ನು ಎತ್ತಿ ಆಡುವವರು ಯಾರೂ ಇಲ್ಲ. ಮದುವೆಯ ಉಸ್ತುವಾರಿಯೆಲ್ಲ ಪೂಜಾರಿಣಿ ಅಯಾಂಥಿಯದ್ದು, ಉಡುಪು ಕೂಡ ಅವಳೇ ಆರಿಸಿದ್ದು. ಮದುವೆ ದಿನ ಫೇರಾ ನಡೆದು ಹೋಗಬೇಕಾದ ದಾರಿಯಲ್ಲಿ ಕೆಂಪು ಗುಲಾಬಿಯ ಎಸಳು ಚೆಲ್ಲಿರುತ್ತೆ. ಎಲ್ಲರಿಗೂ ಅದು ಹೂವು. ಅವಳಿಗೆ ರಕ್ತ. ಕಾಲು ಮುಂದಕ್ಕೆ ಹೋಗಲ್ಲ, ಎದುರಿಗೆ ಟ್ಯಾಮ್‌ಲಿನ್ ಕೈ ಚಾಚಿ ನಿಂತಿದ್ದಾನೆ, ಅವಳು ಒಳಗೊಳಗೇ ಯಾರಾದರೂ ಕಾಪಾಡಿ ಅಂತ ಬೇಡಿಕೊಳ್ಳುತ್ತಿದ್ದಾಳೆ.

ನನ್ನ ಪ್ರಕಾರ ಆ ಒಂದು ದೃಶ್ಯಕ್ಕಾಗಿಯೇ ಇಡೀ ಪುಸ್ತಕ ಓದಬಹುದು. ಅಲ್ಲಿ ಕೆಟ್ಟವರು ಯಾರೂ ಇಲ್ಲ. ಗೆದ್ದು ಬಂದವಳು ಇನ್ನೂ ಅಲ್ಲೇ ಸಿಕ್ಕಿಕೊಂಡಿದ್ದಾಳೆ, ಪ್ರೀತಿಸುವವನಿಗೆ ಅದು ಕಾಣುತ್ತಿಲ್ಲ. ಆಮೇಲೆ ಒಂದು ಮಾತಿಗೆ ಅವನ ಶಕ್ತಿ ಸಿಡಿದು ಓದುವ ಕೋಣೆ ಚೂರುಚೂರಾಗುತ್ತೆ, ಅವಳು ಅದರೊಳಗೇ ಇದ್ದಾಳೆ. ಕ್ಷಮೆ ಕೇಳುತ್ತಾನೆ. ಮನಸಾರೆಯೇ ಕೇಳುತ್ತಾನೆ. ಅಷ್ಟಾದ ಮೇಲೂ ಮನೆ ಸುತ್ತ ಮಾಯೆಯ ಗೋಡೆ ಕಟ್ಟಿ ಹೊರಡುತ್ತಾನೆ. ಬೆಟ್ಟದ ಅಡಿಯಲ್ಲಿ ಸೆರೆ ಇದ್ದು ಬಂದವಳಿಗೆ ಮುಚ್ಚಿದ ಬಾಗಿಲು ಏನು ಮಾಡುತ್ತೆ ಅಂತ ಅವನು ಯೋಚಿಸಿಲ್ಲ. ನಾನೂ ಯೋಚಿಸಿರಲಿಲ್ಲ.

ಅಡುಗೆ ಮನೆಗೆ ಹೋಗಿ ತಂಗಿಗೆ ಹೇಳಿದೆ, ಆ ಭಾಗ ಓದದೇ ನಿನ್ನ ಹತ್ರ ವಾದ ಮಾಡಿದ್ದೆ ಅಂತ. “ಗೊತ್ತಿತ್ತು ಅಕ್ಕಾ. ಓದಿದ್ರೆ ನೀನು ಹಾಗೆ ಹೇಳ್ತಿರ್ಲಿಲ್ಲ” ಅಂದಳು. ಈಗ ಮತ್ತೆ ಮಾತಾಡುತ್ತೇವೆ, ಪುಸ್ತಕವೂ ಕಳಿಸುತ್ತೇವೆ. ಮೊದಲಿನಷ್ಟು ಸಲೀಸಾಗಿ ಅಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಲೇಖಕಿ ಟ್ಯಾಮ್‌ಲಿನ್‌ನನ್ನು ಬದಲಾಯಿಸಿದರು ಅನ್ನುವ ಮಾತನ್ನು ನಾನು ಒಪ್ಪಲ್ಲ. ಮೊದಲ ಪುಸ್ತಕವನ್ನು ಮತ್ತೆ ತೆಗೆದು ನೋಡಿ. ಶಾಪದ ಗಡುವು ಮುಗಿಯೋಕೆ ಸ್ವಲ್ಪವೇ ದಿನ ಇರುವಾಗ ಅವಳನ್ನು ಮನೆಗೆ ವಾಪಸ್ ಕಳಿಸುತ್ತಾನೆ. ಅವಳನ್ನು ಉಳಿಸೋಕೇ ಕಳಿಸುತ್ತಾನೆ, ನಿಜ. ಆದರೆ ಕೇಳಲ್ಲ. ಏನು ನಡೀತಿದೆ ಅಂತ ಹೇಳುವುದೂ ಇಲ್ಲ. ಆಗ ನಾವೆಲ್ಲ ಅದನ್ನು ತ್ಯಾಗ ಅಂದುಕೊಂಡು ಕಣ್ಣೀರು ಹಾಕಿದ್ದೆವು. ಬೆಟ್ಟದ ಅಡಿಯಲ್ಲಿ ಅವರಿಬ್ಬರಿಗೆ ಒಂದು ಕ್ಷಣ ಏಕಾಂತ ಸಿಗುತ್ತೆ. ಅವಳನ್ನು ಅಲ್ಲಿಂದ ಹೊರಗೆ ಕಳಿಸುವ ದಾರಿ ಹುಡುಕುವುದು ಬಿಟ್ಟು ಅವನು ಮುತ್ತಿಡುತ್ತಾನೆ. ಅದನ್ನು ಪ್ರೀತಿಯ ತೀವ್ರತೆ ಅಂದುಕೊಂಡೆವು. ಗುಣ ಅದೇ. ಅವಳ ಬಗ್ಗೆ ಎಲ್ಲ ತೀರ್ಮಾನ ಅವಳಿಲ್ಲದೇ ಆಗುತ್ತೆ. ಮೊದಲನೆಯದರಲ್ಲಿ ಅದನ್ನೆಲ್ಲ ಶಾಪದ ಲೆಕ್ಕಕ್ಕೆ ಬರೆದೆವು.

ಶಕುಂತಲೆ ಕಥೆ ನೆನಪಿಸಿಕೊಳ್ಳಿ. ಮಹಾಭಾರತದ ದುಷ್ಯಂತನಿಗೆ ಎಲ್ಲ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ ನೀನು ಯಾರೋ ಗೊತ್ತಿಲ್ಲ ಅನ್ನುತ್ತಾನೆ. ಕಾಳಿದಾಸ ನಾಟಕ ಬರೆಯುವಾಗ ದುರ್ವಾಸರ ಶಾಪ, ಕಳೆದುಹೋದ ಉಂಗುರ ತಂದ. ತಪ್ಪೆಲ್ಲ ಶಾಪದ ತಲೆಗೆ ಹೋಯಿತು, ರಾಜ ಒಳ್ಳೆಯವನಾಗಿ ಉಳಿದ. ಮಾಸ್ ಹೋಗಿರುವುದು ಇದಕ್ಕೆ ಎದುರು ದಿಕ್ಕಿನಲ್ಲಿ. ಮೊದಲ ಪುಸ್ತಕದಲ್ಲಿ ಶಾಪ ಕೊಟ್ಟರು, ಅದರ ಕೊನೆಯಲ್ಲೇ ಅದನ್ನು ತೆಗೆದರು. ಮುಖವಾಡ ಬಿತ್ತು, ಅಮರಾಂತಾ ಸತ್ತಳು. ಎರಡನೆಯದರಲ್ಲಿ ಅವನು ಏನು ಮಾಡಿದರೂ ಅದು ಅವನದೇ. ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ ಕಥೆ ಮೃಗ ಮನುಷ್ಯನಾದ ಕೂಡಲೇ ಮುಗಿಯುತ್ತೆ. ಆ ಮನುಷ್ಯನ ಜೊತೆ ಮಾರನೇ ದಿನದಿಂದ ಬದುಕೋದು ಹೇಗಿರುತ್ತೆ ಅಂತ ಕೇಳಿದ್ದೇ ಈ ಪುಸ್ತಕದ ಧೈರ್ಯ.

ಹಾಗಂತ ನಿಮ್ಮ ಅಸಮಾಧಾನ ಸುಳ್ಳಲ್ಲ. ನನಗೂ ಈ ಪುಸ್ತಕದ ಮೇಲೆ ದೂರುಗಳಿವೆ. ಅದರಲ್ಲಿ ದೊಡ್ಡದು ರೀಸಾಂಡ್‌ನದ್ದು. ಟ್ಯಾಮ್‌ಲಿನ್‌ಗೆ ಒಂದು ತಕ್ಕಡಿ, ಇವನಿಗೆ ಇನ್ನೊಂದು. ಮೊದಲ ಪುಸ್ತಕದಲ್ಲಿ ಅವಳ ಮುರಿದ ಕೈಯನ್ನು ತಿರುಚಿ ಒಪ್ಪಂದಕ್ಕೆ ಒಪ್ಪಿಸಿದವನು ಇವನೇ. ತಿಂಗಳಿಗೊಂದು ವಾರ ತನ್ನ ಬಳಿ ಇರಬೇಕು ಅನ್ನುವ ಒಪ್ಪಂದ. ಪ್ರತಿ ರಾತ್ರಿ ಅವಳಿಗೆ ಮತ್ತು ಬರುವ ವೈನ್ ಕುಡಿಸಿ ಎಲ್ಲರೆದುರು ಕುಣಿಸಿದವನೂ ಇವನೇ. ಎರಡನೆಯದರಲ್ಲಿ ಇದಕ್ಕೆಲ್ಲ ಒಳ್ಳೆಯ ಕಾರಣ ಇತ್ತು ಅಂತ ಅವನ ಬಾಯಲ್ಲೇ ಹೇಳಿಸುತ್ತಾರೆ. ಸರಿ, ಇರಲಿ. ಆದರೆ ಎರಡನೆಯದರಲ್ಲೂ ಅವನು ಮುಚ್ಚಿಡುತ್ತಾನೆ. ಅವಳಿಗೆ ಹೇಳದೇ ಅವಳನ್ನು ಗಾಳದ ಹುಳುವಾಗಿ ಬಳಸುತ್ತಾನೆ, ಆಟರ್ ಅನ್ನುವ ರೆಕ್ಕೆಯ ರಾಕ್ಷಸ ಬಂದು ಮೇಲೆ ಬೀಳುತ್ತೆ. ನೇಯುವವಳು ಅನ್ನುವ ಭಯಂಕರ ಮಾಯಾವಿಯ ಗುಡಿಸಲಿಗೆ ಉಂಗುರ ತರೋಕೆ ಕಳಿಸುತ್ತಾನೆ, ಅದು ಯಾರ ಉಂಗುರ, ಯಾಕೆ ಅಂತ ಹೇಳಲ್ಲ. ತಾವಿಬ್ಬರೂ ಮೇಟ್, ಅಂದರೆ ವಿಧಿಯೇ ಜೋಡಿ ಮಾಡಿದವರು, ಅನ್ನುವ ಅಷ್ಟು ದೊಡ್ಡ ವಿಷಯವನ್ನೇ ಹೇಳಿರಲ್ಲ. ಅವಳಿಗೆ ಅದು ತಿಳಿಯುವುದು ಎಲ್ಲ ಬಲ್ಲ ಸೂರಿಯಲ್ ಅನ್ನುವ ಜೀವಿಯ ಬಾಯಿಂದ. ಟ್ಯಾಮ್‌ಲಿನ್ ಹೇಳದಿದ್ದರೆ ಅಪರಾಧ, ಇವನು ಹೇಳದಿದ್ದರೆ ತಂತ್ರ!

ಇವನು ಅವಳಿಗೆ ಆಯ್ಕೆ ಕೊಡುತ್ತಾನೆ, ಓದು ಕಲಿಸುತ್ತಾನೆ, ಯುದ್ಧ ಕಲಿಯೋಕೆ ಬಿಡುತ್ತಾನೆ, ಬೇಕಾದರೆ ಹೋಗು ಅನ್ನುತ್ತಾನೆ, ಒಪ್ಪುತ್ತೇನೆ. ಅದು ದೊಡ್ಡ ವ್ಯತ್ಯಾಸವೇ. ಸತ್ಯ ತಿಳಿದ ಮೇಲೆ ಅವಳು ಕೋಪ ಮಾಡಿಕೊಂಡು ಬೆಟ್ಟದ ಮನೆಯಲ್ಲಿ ಒಬ್ಬಳೇ ಇದ್ದು, ಗೋಡೆಗಳ ಮೇಲೆ ಮತ್ತೆ ಚಿತ್ರ ಬರೆಯೋಕೆ ಶುರು ಮಾಡುವ ಭಾಗ ನನಗೆ ತುಂಬಾ ಹಿಡಿಸಿತು. ಕುಂಚ ಮುಟ್ಟದವಳು ಅಲ್ಲಿ ಮುಟ್ಟುತ್ತಾಳೆ, ಅದೂ ರೀಸಾಂಡ್ ಇಲ್ಲದಾಗ. ಆದರೆ ಮೇಟ್ ಅನ್ನುವ ವಿಧಿಯ ಗಂಟು ಮಾತ್ರ ನನಗೆ ಇಷ್ಟವಾಗಲಿಲ್ಲ. ಅಷ್ಟು ಪುಟ ಕಷ್ಟಪಟ್ಟು ಅವಳ ಆಯ್ಕೆಯನ್ನು ಕಟ್ಟಿ, ಕೊನೆಗೆ ಇದು ಮೊದಲೇ ಬರೆದಿತ್ತು ಅಂದರೆ ಆಯ್ಕೆಗೆ ಏನು ಬೆಲೆ?

ಇನ್ನೊಂದು ದೂರು ಕೊನೆಯ ಭಾಗದ್ದು. ಅವಳನ್ನು ವಾಪಸ್ ಪಡೆಯೋಕೆ ಟ್ಯಾಮ್‌ಲಿನ್ ಶತ್ರು ದೇಶ ಹೈಬರ್ನ್‌ನ ರಾಜನ ಜೊತೆ ಕೈ ಜೋಡಿಸುತ್ತಾನೆ. ಅಲ್ಲೇ ಫೇರಾಳ ಅಕ್ಕಂದಿರಾದ ನೆಸ್ಟಾ, ಇಲೇನ್ ಇಬ್ಬರನ್ನೂ ಮಾಯೆಯ ಕೊಪ್ಪರಿಗೆಗೆ ತಳ್ಳುತ್ತಾರೆ. ಅಕ್ಕಂದಿರ ಸುದ್ದಿ ಕೊಟ್ಟಿದ್ದು ಅಯಾಂಥಿ, ನಿಜ, ಆದರೆ ಓದುವವರ ಸಿಟ್ಟು ಹೋಗಿ ಕೂರುವುದು ಅವನ ಮೇಲೇ. ಇದು ಬೇಕಿರಲಿಲ್ಲ. ಮನೆಯಲ್ಲಿ ಕೂಡಿ ಹಾಕಿದ್ದೇ ಸಾಕಾಗಿತ್ತು. ಅವನು ಶತ್ರುವಿನ ಜೊತೆ ಸೇರಿದ ಮೇಲೆ ಓದುಗರಿಗೆ ದ್ವೇಷ ಸುಲಭವಾಗುತ್ತೆ. ಪ್ರೀತಿಸುವ ಒಳ್ಳೇ ಮನುಷ್ಯನನ್ನೂ ಬಿಟ್ಟು ಹೋಗಬಹುದು ಅನ್ನುವ ಕಷ್ಟದ ಮಾತನ್ನು ಹೇಳುತ್ತಿದ್ದ ಪುಸ್ತಕ, ಕೊನೆಗೆ ಅವನು ಒಳ್ಳೆಯವನೇ ಅಲ್ಲ ಬಿಡಿ ಅಂದುಬಿಟ್ಟಿತು. ನನ್ನ ತಂಗಿಯ ಹುಡುಗ ಯಾವ ಶತ್ರು ಸೈನ್ಯವನ್ನೂ ಕರೆತರಲಿಲ್ಲ. ಆದರೂ ಅವಳು ಬಿಟ್ಟಿದ್ದು ಸರಿ.

ಹಾಗಾಗಿ ಟ್ಯಾಮ್‌ಲಿನ್ ಪರವಾ ರೀಸಾಂಡ್ ಪರವಾ ಅಂತ ನಿಮ್ಮ ಗೆಳೆಯರ ಬಳಗದಲ್ಲಿ ನಡೀತಿರುವ ಜಗಳಕ್ಕೆ ಸೇರಬೇಡಿ. ಇದು ಫೇರಾ ಹೇಳುವ ಕಥೆ, ನಮಗೆ ಕಾಣುವುದು ಬಹುತೇಕ ಅವಳ ಕಣ್ಣಿಂದ. ಟ್ಯಾಮ್‌ಲಿನ್‌ನ ಒಳಗೇನಾಯಿತು ಅಂತ ನಮಗೆ ಸಿಗೋದು ತುಂಬಾ ಕಡಿಮೆ. ಅವನ ಮೇಲೆ ಮರುಕ ಬಂದರೆ ಬರಲಿ. ಮರುಕ ಬಂದ ಮಾತ್ರಕ್ಕೆ ಅವಳು ಅಲ್ಲೇ ಇರಬೇಕಿತ್ತು ಅಂತ ಆಗಲ್ಲ. ಎರಡೂ ಭಾವ ಒಟ್ಟಿಗೆ ಇಟ್ಟುಕೊಂಡು ಓದಿ. ಒಂದನ್ನು ಬಿಟ್ಟರೇ ಮುಂದೆ ಹೋಗಬಹುದು ಅಂತ ನೀವು ಅಂದುಕೊಂಡಿದ್ದೀರಿ, ಅದು ಬೇಕಾಗಿಲ್ಲ.

ಮೂರನೆಯದು ಓದಿ. 2017ರ ‘ಎ ಕೋರ್ಟ್ ಆಫ್ ವಿಂಗ್ಸ್ ಆ್ಯಂಡ್ ರೂಯಿನ್’. ಎರಡನೆಯದು ನಿಂತಿರುವ ಜಾಗದಲ್ಲಿ ಯಾರೂ ನಿಲ್ಲಿಸಬಾರದು. ಅವಳು ಸ್ಪ್ರಿಂಗ್ ಕೋರ್ಟ್‌ಗೆ ವಾಪಸ್ ಹೋಗಿದ್ದಾಳೆ, ಒಳಗೆ ಬೇರೆಯದೇ ಲೆಕ್ಕ ಇದೆ, ಅಲ್ಲಿ ಬಿಟ್ಟರೆ ಏನು ಸುಖ? ಟ್ಯಾಮ್‌ಲಿನ್ ಕಥೆಯೂ ಮುಗಿದಿಲ್ಲ. ಫೇರಾ ಮಾಡುವ ಕೆಲವು ಕೆಲಸ ನಿಮಗೆ ಅವಳ ಮೇಲೇ ಬೇಜಾರು ತರಿಸಬಹುದು. ಅಷ್ಟು ಮಾತ್ರ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಎರಡನೆಯದರ ಮೊದಲ ಭಾಗವನ್ನು ನಿಧಾನವಾಗಿ, ಫೋನ್ ದೂರ ಇಟ್ಟು, ಪೂರ್ತಿ ಓದಿ. ಇದೊಂದು ವಿಷಯದಲ್ಲಿ ನನ್ನದು ಹಟ ಅಂತಲೇ ಇಟ್ಟುಕೊಳ್ಳಿ. 2018ರ ಸಣ್ಣ ಪುಸ್ತಕ ಬಿಟ್ಟರೂ ನಡೆಯುತ್ತೆ. 2021ರದ್ದು ನೆಸ್ಟಾಳ ಕಥೆ. ಮೊದಲೆರಡರಲ್ಲಿ ಅವಳನ್ನು ಸಹಿಸೋಕೆ ಆಗದವರೇ ಅದನ್ನು ಓದಬೇಕು.

ಹತ್ತನೇ ಕ್ಲಾಸಿನ ನಿಮ್ಮ ತಂಗಿಯೂ ಓದ್ತೀನಿ ಅಂತಿದ್ದಾಳೆ ಅಂದಿರಿ. ಈಗ ಬೇಡ. ಮೊದಲು ಬಂದಾಗ ಇವನ್ನು ಹದಿಹರೆಯದವರ ಪುಸ್ತಕ ಅಂತ ಮಾರಿದ್ದರು, 2020ರಲ್ಲಿ ಹೊಸ ಮುಖಪುಟ ಹಾಕಿ ದೊಡ್ಡವರ ಪುಸ್ತಕವಾಗಿ ತಂದರು. ಹಳೇ ಮುಖಪುಟದ ಪ್ರತಿಗಳು ಇನ್ನೂ ಕೆಲವು ಕಡೆ ಮಕ್ಕಳ ಶೆಲ್ಫ್ ಪಕ್ಕದಲ್ಲೇ ಇರುತ್ತವೆ, ನೋಡಿ ಕೊಳ್ಳಿ.

ಮೂರನೆಯದು ಮುಗಿದ ಮೇಲೆ ಟ್ಯಾಮ್‌ಲಿನ್‌ನ ಗೆಳೆಯ ಲೂಸಿಯನ್ ಬಗ್ಗೆ ಏನನಿಸಿತು ಅಂತ ಕೆಳಗೆ ಬರೆಯಿರಿ. ಆ ಮನೆಯಲ್ಲಿ ಫೇರಾ ಕರಗುತ್ತಿದ್ದದ್ದು ಅವನಿಗೆ ಕಾಣುತ್ತಿತ್ತು. ಟ್ಯಾಮ್‌ಲಿನ್‌ಗೆ ಒಂದೆರಡು ಮಾತು ಹೇಳಿ ಸುಮ್ಮನಾದ. ನನ್ನ ತಂಗಿ ಅವನನ್ನು ಕ್ಷಮಿಸಿದ್ದಾಳೆ. ನನಗೆ ಇನ್ನೂ ಆಗಿಲ್ಲ.